ಮಳೆಗಾಲದಲ್ಲಿ ಕರೆಂಟ್ ಇಲ್ಲದೆ ಸಿಪ್ಯಾಪ್ ಓಡಿಸಿದ ನನ್ನ ಅನುಭವ

ಹೋದ ಮಳೆಗಾಲದ ನಾಲ್ಕು ತಿಂಗಳಲ್ಲಿ ನಾನು ಸಿಪ್ಯಾಪ್ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಮೆಷಿನ್) ಹಾಕದೆ ಮಲಗಿದ್ದು ಮೂರೋ ನಾಲ್ಕೋ ರಾತ್ರಿ. ತೀರ್ಥಹಳ್ಳಿ ಕಡೆಯ ಒಂಟಿ ಮನೆಯಲ್ಲಿ, ಅಡಿಕೆ ತೋಟದ ನಡುವೆ, ಇದು ಆಗುವ ಮಾತಲ್ಲ ಅಂತ ಎಲ್ಲರೂ ಹೇಳಿದ್ದರು. ಮೆಷಿನ್ ಮಾರಿದವರು ಹೇಳಿದ್ದರು, ಇನ್ವರ್ಟರ್ ಅಂಗಡಿಯವರು ಹೇಳಿದ್ದರು. ಭಾವನಂತೂ ಮೊದಲ ದಿನವೇ, "ಗೊರಕೆಗೆ ಐವತ್ತು ಸಾವಿರವಾ ಮಾರಾಯಾ? ಅದೆಲ್ಲ ಕರೆಂಟ್ ಇರೋ ಪೇಟೆಯವರಿಗೆ" ಅಂದಿದ್ದ. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟಿ ಹಗಲು ತೂಕಡಿಕೆ ಬರುವ ಕಾಯಿಲೆ, ಇರುವವರಿಗೆ ಹೆಚ್ಚಿನ ವಿವರ ಬೇಡ. 2019ರಲ್ಲಿ ಸ್ಲೀಪ್ ಸ್ಟಡಿ ಮಾಡಿಸಿದಾಗ ನನ್ನ ಎಎಚ್‌ಐ 47ರ ಹತ್ತಿರ ಇತ್ತು, ಅಂದರೆ ಗಂಟೆಗೆ ಅಷ್ಟು ಸಲ ಉಸಿರು ನಿಲ್ಲುತ್ತಿತ್ತು ಇಲ್ಲವೇ ಕುಗ್ಗುತ್ತಿತ್ತು. ರಕ್ತದ ಆಕ್ಸಿಜನ್ ಶೇಕಡಾ 71ಕ್ಕೆ ಇಳಿದಿತ್ತು. ಅದಕ್ಕೂ ಎರಡು ತಿಂಗಳ ಮೊದಲು ಆಗುಂಬೆ ಘಾಟಿ ಹತ್ತುವಾಗ ಒಂದು ತಿರುವಿನಲ್ಲಿ ನನ್ನ ಕಣ್ಣು ಮುಚ್ಚಿಹೋಗಿತ್ತು. ಮಟಮಟ ಮಧ್ಯಾಹ್ನ. ಪಕ್ಕದಲ್ಲಿದ್ದ ನಮ್ಮ ಮನೆಯವಳು ಕಿರುಚಿ ಸ್ಟೇರಿಂಗ್ ಹಿಡಿಯದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಅವತ್ತಿನಿಂದ ಇದು ಗೊರಕೆಯ ವಿಷಯ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಗಾಳಿಯ ಒತ್ತಡ ತಾನೇ ಹೊಂದಿಸಿಕೊಳ್ಳುವ ಆಟೋ ಮೆಷಿನ್‌ಗೆ ನಲವತ್ತೆಂಟು ಸಾವಿರ ಕೊಟ್ಟೆ. ಮಾಸ್ಕ್ ಮೂರು ಬದಲಾಯಿಸಿದೆ, ಅದಕ್ಕೇ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಬೇಸಿಗೆಯಲ್ಲಿ ಎಲ್ಲ ಸರಿ ಇತ್ತು. ಜೂನ್ ಬಂತು, ಲೈನ್ ಮೇಲೆ ಮರ ಬಿತ್ತು, ಮೂರು ದಿನ ಕತ್ತಲೆ. ಆ ಮೊದಲ ಮಳೆಗಾಲದಲ್ಲಿ ಮೆಷಿನ್ ಹಾಕಿದ್ದು ಅರ್ಧದಷ್ಟು ರಾತ್ರಿಗಳೂ ಇರಲಿಕ್ಕಿಲ್ಲ.

ಎಲ್ಲರೂ ಮಾಡುವ ಹಾಗೆ ಮೊದಲು ಮನೆಯ ಇನ್ವರ್ಟರ್‌ಗೆ ಹಾಕಿದೆ. ನಮ್ಮದು ಹಳೆಯ ಸ್ಕ್ವೇರ್ ವೇವ್, ಅಂದರೆ ಲೈನ್ ಕರೆಂಟಿನಷ್ಟು ನಯವಾದ ಕರೆಂಟ್ ಕೊಡದ ಥರದ್ದು. ಅಡಾಪ್ಟರ್ ಜೀರುಂಡೆ ಥರ ಗುಂಯ್ ಅನ್ನುತ್ತಿತ್ತು, ಮುಟ್ಟಿದರೆ ಸುಡುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸತ್ತುಹೋಯಿತು, ಹೊಸದಕ್ಕೆ ಐದು ಸಾವಿರ. ಮೇಲಾಗಿ ಇನ್ವರ್ಟರ್ ತಾನೇ ಎಷ್ಟು ತಿನ್ನುತ್ತದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ನಾನು ಮೀಟರ್ ಹಿಡಿದು ನೋಡಿದೆ. ನನ್ನ ಮೆಷಿನ್ ಬಳಸುವುದಕ್ಕಿಂತ ಜಾಸ್ತಿ ಕರೆಂಟನ್ನು ಇನ್ವರ್ಟರ್ ಸುಮ್ನೆ ಕೂತು ತಿನ್ನುತ್ತಿತ್ತು. ಬ್ಯಾಟರಿಯ 12 ವೋಲ್ಟನ್ನು 230 ಮಾಡುವುದು, ಅದನ್ನು ಅಡಾಪ್ಟರ್ ಮತ್ತೆ 24ಕ್ಕೆ ಇಳಿಸುವುದು. ಈ ಸುತ್ತಾಟ ಯಾಕೆ ಬೇಕು ಅಲ್ವಾ?

ಹಾಗಾಗಿ ಬ್ಯಾಟರಿಯಿಂದ ನೇರ 12ರಿಂದ 24 ಮಾಡುವ ಡಿಸಿ ಕನ್ವರ್ಟರ್ ಹಾಕಿದೆ. ಮೊದಲು ತಂದದ್ದು ನಾನೂರು ರೂಪಾಯಿಯದು. ಅದರ ಕತೆ ಕೇಳಿ. ಜುಲೈ ರಾತ್ರಿ, ಎರಡು ಗಂಟೆ ಇರಬಹುದು, ಎದೆ ಡವಡವ ಹೊಡೆದುಕೊಂಡು ಎಚ್ಚರವಾಯಿತು. ಮಾಸ್ಕ್ ಮುಖದ ಮೇಲಿದೆ, ಗಾಳಿ ಇಲ್ಲ. ಮೆಷಿನ್ ಸದ್ದೇ ಇಲ್ಲ, ಹೆಂಚಿನ ಮೇಲೆ ಮಳೆ ಮಾತ್ರ. ಕತ್ತಲೆಯಲ್ಲಿ ಮಾಸ್ಕ್ ಕಿತ್ತು ಎಸೆದು ಕಿಟಕಿಗೆ ಮುಖ ಕೊಟ್ಟು ನಿಂತೆ. ಆಮೇಲೆ ಟಾರ್ಚ್ ಹಾಕಿ ನೋಡಿದರೆ ಕನ್ವರ್ಟರ್‌ನ ಪ್ಲಾಸ್ಟಿಕ್ ಮೆತ್ತಗಾಗಿ ಬಾಗಿತ್ತು. ಅದು ಹಲಗೆಯ ಮೇಲಿತ್ತು, ಕೆಳಗೆ ಹಾಸಿಗೆ. ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ಎರಡನೆಯದು ಅಲ್ಯೂಮಿನಿಯಂ ಮೈಯದು, 10 ಆಂಪಿಯರ್, ಹನ್ನೊಂದು ನೂರು ರೂಪಾಯಿ ಇರಬೇಕು. ಬ್ಯಾಟರಿ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್. ಅದಕ್ಕೆ ಜೀಪಿನ ಬ್ಯಾಟರಿ ಬಿಚ್ಚಿ ತಂದು ಹಾಕುತ್ತಿದ್ದೆ. ಅದೂ ತಪ್ಪು. ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ದಿನಾ ಖಾಲಿ ಮಾಡಿದರೆ ಬಾಳಿಕೆ ಬರುವುದಿಲ್ಲ. ನಾಲ್ಕೂವರೆ ಸಾವಿರ ನೀರು ಪಾಲು. ಕೊನೆಗೆ 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿದಿಡುತ್ತದೆ ಅನ್ನುವ ಲೆಕ್ಕ) ಟ್ಯೂಬುಲರ್ ಬ್ಯಾಟರಿ ಒಂದನ್ನು ಇದಕ್ಕೇ ಅಂತ ತಂದೆ, ಒಂಬತ್ತೂವರೆ ಸಾವಿರ. ಮನೆಯ ಇನ್ವರ್ಟರ್ ಬ್ಯಾಟರಿಗೆ ಜೋಡಿಸಬೇಡಿ, ಮಕ್ಕಳು ಟಿವಿ ನೋಡಿ ಖಾಲಿ ಮಾಡಿರುತ್ತಾರೆ. ಬ್ಯಾಟರಿ ಜಗಲಿಯಲ್ಲಿ ಗಾಳಿಯಾಡುವ ಕಡೆ ಇರಲಿ, ವೈರ್ ಮಾತ್ರ ಒಳಗೆ ಬರಲಿ.

ಮೆಷಿನ್ ಕಡೆಯ ಪಿನ್ ಹೇಗೆ ಜೋಡಿಸಿದೆ ಅಂತ ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಪ್ಲಸ್ ಮೈನಸ್ ಅದಲುಬದಲಾದರೆ ಐವತ್ತು ಸಾವಿರದ ಮೆಷಿನ್ ಹೋಗುತ್ತದೆ. ಅದನ್ನು ಎದುರು ಕೂತೇ ತೋರಿಸಬೇಕು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಗಾಳಿಗೆ ತೇವ ಕೂಡಿಸುವ ಹ್ಯುಮಿಡಿಫೈಯರ್‌ನದ್ದು. ಕರೆಂಟ್ ತಿನ್ನುವುದೇ ಅದು, ಗಾಳಿ ಊದುವ ಬ್ಲೋವರ್ ಅಲ್ಲ. ಆಫ್ ಮಾಡಿದರೆ ಮೂಗು ಒಣಗಿ ರಕ್ತ ಬರುತ್ತದೆ ಅಂತ ಮಾರಿದವರು ಹೆದರಿಸಿದ್ದರು. ಬಟ್ಟೆ ಎಂಟು ದಿನ ಒಣಗದ ನಮ್ಮೂರ ಆಷಾಢದಲ್ಲಿ ಮೂಗು ಒಣಗುವುದುಂಟೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಡಬ್ಬಿ ಖಾಲಿ, ಒಂದು ದಿನವೂ ತೊಂದರೆ ಆಗಿಲ್ಲ. ಮೆಷಿನ್ನಿನ ಗಾಳಿಯ ಪ್ರೆಶರ್ ನನಗೆ 11ರಿಂದ 12. ಒಂದು ರಾತ್ರಿಗೆ 8 ಎಎಚ್ ಆಸುಪಾಸು ಹೋಗುತ್ತದೆ. ಬೇಸಿಗೆಯಲ್ಲಿ ಹ್ಯುಮಿಡಿಫೈಯರ್ ಬೇಕಾಗುತ್ತದೆ, ಹಾಕುತ್ತೇನೆ. ಡಿಸೆಂಬರ್ ಚಳಿಯಲ್ಲಿ ಹಾಕಿದರೆ ಪೈಪಿನಲ್ಲಿ ನೀರು ಕಟ್ಟಿ ಗುಳುಗುಳು ಅನ್ನುತ್ತದೆ, ಅದಕ್ಕೆ ಹಳೆಯ ಕಾಟನ್ ಸೀರೆಯ ಚೀಲ ಹೊಲಿಸಿ ಪೈಪಿಗೆ ತೊಡಿಸಿದೆ.

ಪೈಪ್ ಒಣಗಿಸಲು ಒಮ್ಮೆ ಬಚ್ಚಲೊಲೆಯ ಮೇಲೆ ನೇತುಹಾಕಿದ್ದೆ. ಒಂದು ವಾರ ರಾತ್ರಿಯೆಲ್ಲ ಹೊಗೆ ಕುಡಿದ ಹಾಗಾಯಿತು. ಕೊನೆಗೆ ಪೈಪನ್ನೇ ಬಿಸಾಡಿದೆ. ಈಗ ಮಾಸ್ಕ್ ಹಾಕದೆ ಮೆಷಿನ್ನನ್ನೇ ಐದು ನಿಮಿಷ ಓಡಿಸಿ ಒಣಗಿಸುತ್ತೇನೆ. ಫಿಲ್ಟರ್‌ಗೆ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ, ತಿಂಗಳಿಗೊಂದು ಬದಲಾಯಿಸಲೇಬೇಕು.

ಬೇರೆ ಪ್ರಯೋಗಗಳೂ ಮಾಡಿದ್ದೇನೆ. ಮಗ್ಗುಲಲ್ಲಿ ಮಲಗಲು ಬನಿಯನ್ ಬೆನ್ನಿಗೆ ಜೇಬು ಹೊಲಿಸಿ ಐದಾರು ಹಣ್ಣಡಿಕೆ ತುಂಬಿದೆ. ಬೇರೆಯವರು ಹಾಗೆ ಹೊಲಿಸುವ ಟೆನಿಸ್ ಬಾಲ್‌ಗಿಂತ ಚೆನ್ನಾಗಿ ಒತ್ತುತ್ತದೆ, ಬೆನ್ನ ಮೇಲೆ ಹೊರಳುವುದು ನಿಂತಿತು. ಆದರೂ ಮೆಷಿನ್ ಇಲ್ಲದಿದ್ದರೆ ನನ್ನಂಥವರಿಗೆ ಅದು ಸಾಲದು. ಶಂಖ ಊದುವುದರಿಂದ ಅನುಕೂಲ ಆಗಿದೆ ಅಂತ 2025ರಲ್ಲಿ ಜೈಪುರದ ವೈದ್ಯರು ಸಣ್ಣ ಅಧ್ಯಯನವೊಂದನ್ನು ಪ್ರಕಟಿಸಿದರು. ದೇವರ ಕೋಣೆಯ ಶಂಖ ತೆಗೆದು ದಿನಾ ಕಾಲು ಗಂಟೆ ಊದುತ್ತಿದ್ದೇನೆ. ಗಂಟಲು ಬಿಗಿಯಾದ ಹಾಗೆ ಅನ್ನಿಸುತ್ತದೆ, ಎಎಚ್‌ಐಯಲ್ಲಿ ವ್ಯತ್ಯಾಸ ಕಂಡಿಲ್ಲ. ಬಿಟ್ಟಿಲ್ಲ. ಮೀಸೆ ಬೋಳಿಸದೆ ಮಾಸ್ಕ್ ಲೀಕ್ ನಿಲ್ಲಿಸುವ ಉಪಾಯವೂ ಒಂದು ಸಿಕ್ಕಿದೆ. ಅದನ್ನು ಇನ್ನೊಂದು ವರ್ಷ ನೋಡಿ ಹೇಳುತ್ತೇನೆ.

ಮೆಷಿನ್ನಿನ ಮೆಮೊರಿ ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿ ಅದರ ದಾಖಲೆ ತೋರಿಸುವ ಆಸ್ಕರ್ ಸಾಫ್ಟ್‌ವೇರ್‌ನಲ್ಲಿ ವಾರಕ್ಕೊಮ್ಮೆ ನೋಡುತ್ತೇನೆ. ಎಎಚ್‌ಐ ಈಗ ಮೂರರ ಆಸುಪಾಸು. ಬ್ಯಾಟರಿಯಲ್ಲಿ ಓಡಿದ ರಾತ್ರಿಗೂ ಕರೆಂಟಿನಲ್ಲಿ ಓಡಿದ ರಾತ್ರಿಗೂ ಗ್ರಾಫಿನ ಗೆರೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ಡಾಕ್ಟರಿಗೆ ತೋರಿಸಿದೆ, ಎರಡು ಸಲ ತಿರುಗಿಸಿ ನೋಡಿದರು.

ಹೋದ ಜುಲೈನಲ್ಲಿ ಹೊಳೆ ಉಕ್ಕಿ, ಎರಡು ಕಂಬ ಮುರಿದು, ಆರು ರಾತ್ರಿ ಕರೆಂಟ್ ಇರಲಿಲ್ಲ. ಆರು ರಾತ್ರಿಯೂ ಮಾಸ್ಕ್ ಹಾಕಿಯೇ ಮಲಗಿದೆ. ಏಳನೇ ದಿನ ಬೆಳಿಗ್ಗೆ ದೀಪ ಬಂದಾಗ ಚಾರ್ಜರ್ ಹಾಕುವ ಮೊದಲು ಮೀಟರ್ ಇಟ್ಟು ನೋಡಿದೆ. ಬ್ಯಾಟರಿ ಇನ್ನೂ 12.2 ವೋಲ್ಟ್ ತೋರಿಸುತ್ತಿತ್ತು, ಅಂದರೆ ಅರ್ಧದಷ್ಟು ಬಾಕಿ ಇತ್ತು.