ಮಗುವನ್ನು ಕಳೆದುಕೊಂಡ ಮನೆ: ಮುಂದಿನ ಬಸಿರಿಗೆ ಮುನ್ನ ಬರೆದಿಡಬೇಕಾದ ಹಾಳೆ

‘ಹಿಂದೆ ಎಷ್ಟು ಹೆರಿಗೆ ಆಗಿದೆ?’ ಎಂದು ವೈದ್ಯರು ಕೇಳುತ್ತಾರೆ. ‘ಎರಡು. ಒಂದು ಇದೆ, ಒಂದು ಉಳಿಯಲಿಲ್ಲ.’ ಅಲ್ಲಿಗೆ ಮಾತು ಮುಗಿಯುತ್ತದೆ. ಆ ಮಗುವಿನ ತೂಕ ಎಷ್ಟಿತ್ತು, ಹುಟ್ಟಿದ ಕೂಡಲೇ ಅತ್ತಿತೇ, ಯಾವ ದಿನ ಹಾಲು ಬಿಟ್ಟಿತು ಎಂಬುದನ್ನು ಹೇಳಲು ತಾಯಿಗೆ ಗಂಟಲು ಬಿಗಿಯುತ್ತದೆ, ಕೇಳಲು ಉಳಿದವರಿಗೆ ಮನಸ್ಸು ಬಾರದು. ಮುಂದಿನ ಮಗುವನ್ನು ಉಳಿಸಬಲ್ಲ ಸುಳಿವು ಎಷ್ಟೋ ಸಲ ಅಲ್ಲೇ ಇರುತ್ತದೆ.

ಒಂದು ವರ್ಷ ತುಂಬುವ ಮೊದಲೇ ಆಗುವ ಸಾವನ್ನು ಶಿಶುಮರಣ ಎನ್ನುತ್ತಾರೆ. ಈ ಸಾವುಗಳು ಎಲ್ಲ ಮನೆಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಗ್ರಾಮೀಣ ಪಂಜಾಬಿನ ಕುಟುಂಬಗಳ ಬಗ್ಗೆ ಜನಸಂಖ್ಯಾ ಸಂಶೋಧಕಿ ಮೋನಿಕಾ ದಾಸ್ ಗುಪ್ತಾ 1990ರಲ್ಲಿ ಪ್ರಕಟಿಸಿದ ಅಧ್ಯಯನ, ಕೆಲವೇ ಮನೆಗಳಲ್ಲಿ ಸಾವುಗಳು ಗುಂಪುಗೂಡಿದ್ದನ್ನು ತೋರಿಸಿತು. ಇದನ್ನು ಹಣೆಬರಹವೆಂದು ಬಿಟ್ಟುಬಿಡುವುದಾಗಲಿ, ತಾಯಿಯ ತಲೆಗೆ ಕಟ್ಟುವುದಾಗಲಿ ದೊಡ್ಡ ಅನ್ಯಾಯ. ಮರುಕಳಿಸುವ ಸಾವಿಗೆ ಹಲವು ಸಲ ಹುಡುಕಿದರೆ ಸಿಗುವ ಕಾರಣ ಇರುತ್ತದೆ.

ಮೊದಲು ಬರೆಯಿರಿ

ಪ್ರತಿ ಬಸಿರಿಗೂ ಒಂದು ಸಾಲು. ಗರ್ಭಪಾತ, ಸತ್ತು ಹುಟ್ಟಿದ್ದು ಯಾವುದನ್ನೂ ಬಿಡಬೇಡಿ. ಹುಟ್ಟಿದ ತಾರೀಖು, ಎಷ್ಟನೇ ವಾರ, ಗಂಡೋ ಹೆಣ್ಣೋ, ತೂಕ, ಕಾಯಿಲೆ ಕಾಣಿಸಿದ ದಿನ, ತೀರಿಕೊಂಡ ದಿನ ಇಷ್ಟೂ ಇರಲಿ. ಡಿಸ್ಚಾರ್ಜ್ ಕಾರ್ಡ್ ಸಿಕ್ಕರೆ ಹಾಳೆಗೆ ಪಿನ್ ಮಾಡಿ. ಆಮೇಲೆ ಎರಡೂ ಕಡೆಯ ಹಿರಿಯರನ್ನು ಕೇಳಿ: ತಾಯಿಯ ಅಣ್ಣತಮ್ಮಂದಿರಲ್ಲಿ, ತಂದೆಯ ಒಡಹುಟ್ಟಿದವರಲ್ಲಿ ಎಳೆತನದಲ್ಲೇ ಹೋದವರು ಇದ್ದಾರೆಯೇ? ತಂದೆತಾಯಿ ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ಬರೆಯಿರಿ.

ಒಂದು ಸಾಲು ಹೀಗಿರಬಹುದು: ‘ಎರಡನೆಯದು, ಗಂಡು, 38 ವಾರ, 2.9 ಕೆ.ಜಿ. ಕೂಡಲೇ ಅತ್ತಿತು. ಎರಡು ದಿನ ಚೆನ್ನಾಗಿ ಹಾಲು ಕುಡಿಯಿತು. ಮೂರನೇ ದಿನ ಮಂಕಾಯಿತು, ವಾಂತಿ. ಐದನೇ ದಿನ ಹೋಯಿತು. ಸೋಂಕು ಅಂದರು.’

ಆಮೇಲೆ ದಿನಗಳನ್ನು ನೋಡಿ

ಮೇಲಿನ ಸಾಲು ಒಂದೇ ಇದ್ದರೆ ಸೋಂಕೇ ಇರಬಹುದು. ಅಂಥದ್ದೇ ಇನ್ನೊಂದು ಸಾಲು ಕಂಡರೆ ವೈದ್ಯರ ಯೋಚನೆ ಬೇರೆ ಕಡೆ ತಿರುಗಬೇಕು. ಹಾಲಿನಲ್ಲಿರುವ ಪೋಷಕಾಂಶಗಳನ್ನು ಅರಗಿಸಲು ಬೇಕಾದ ಕಿಣ್ವ ಮಗುವಿನಲ್ಲಿ ಹುಟ್ಟಿನಿಂದಲೇ ಇಲ್ಲದಿದ್ದರೆ, ಹಾಲು ಕುಡಿಯುತ್ತಾ ಹೋದಂತೆ ರಕ್ತದಲ್ಲಿ ವಿಷ ಸೇರಿಕೊಳ್ಳುತ್ತದೆ. ನೋಡುವವರ ಕಣ್ಣಿಗೆ ಅದು ಥೇಟ್ ಸೋಂಕಿನಂತೆಯೇ ಇರುತ್ತದೆ. ಇಂಥ ಕಾಯಿಲೆಗಳಲ್ಲಿ ಬಹುಪಾಲಿಗೆ ತಂದೆತಾಯಿ ಇಬ್ಬರೂ ದೋಷವಿರುವ ಜೀನಿನ ಒಂದೊಂದು ಪ್ರತಿ ಹೊತ್ತಿರುತ್ತಾರೆ. ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ಶೇ 25. ‘ನಾಲ್ಕರಲ್ಲಿ ಒಂದು ಹೋಯಿತಲ್ಲ, ಇನ್ನು ಮೂರಕ್ಕೆ ಭಯವಿಲ್ಲ’ ಎಂದು ಲೆಕ್ಕ ಹಾಕುವವರನ್ನು ಕಂಡಾಗ ಸಂಕಟವಾಗುತ್ತದೆ. ಲೆಕ್ಕ ಪ್ರತಿ ಸಲವೂ ಹೊಸದಾಗಿಯೇ ಶುರುವಾಗುತ್ತದೆ. ಗಂಡುಮಕ್ಕಳು ಮಾತ್ರ ಹೋಗುತ್ತಿದ್ದರೆ ತಾಯಿಯ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವ ಕಾಯಿಲೆಯನ್ನು ಹುಡುಕಬೇಕು. ಇದಕ್ಕೆ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಆನುವಂಶಿಕ ಕಾಯಿಲೆಗಳ ಬಗ್ಗೆ ತಜ್ಞರ ಸಲಹೆ, ಬೇಕೇ ಬೇಕು.

ಇನ್ನೊಂದು ಮಾದರಿ: ಮೊದಲನೆಯದು ಚೆನ್ನಾಗಿದೆ, ಎರಡನೆಯದಕ್ಕೆ ವಿಪರೀತ ಕಾಮಾಲೆ, ಮೂರನೆಯದು ಹೊಟ್ಟೆಯಲ್ಲೇ ಹೋಯಿತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಇದೆಯೇ ಎಂದು ಮೊದಲು ನೋಡಬೇಕು. ಹಾಗಿದ್ದು ಮಗುವಿನದು ಪಾಸಿಟಿವ್ ಆದರೆ, ಮಗುವಿನ ರಕ್ತಕಣಗಳನ್ನು ಒಡೆಯುವ ಪ್ರತಿಕಾಯ ತಾಯಿಯ ರಕ್ತದಲ್ಲಿ ಬೆಳೆಯಬಹುದು. ಹೆರಿಗೆಯಾದ 72 ಗಂಟೆಯೊಳಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಇದನ್ನು ತಡೆಯುತ್ತದೆ. ಆದರೆ ತಾಯಿಯ ರಕ್ತದಲ್ಲಿ ಪ್ರತಿಕಾಯ ಒಮ್ಮೆ ಬೆಳೆದರೆ ಇಂಜೆಕ್ಷನ್‌ನಿಂದ ಪ್ರಯೋಜನವಿಲ್ಲ. ಆಗ ಬಸಿರಿನುದ್ದಕ್ಕೂ ತಜ್ಞರ ನಿಗಾ ಬೇಕು.

37 ವಾರಕ್ಕೆ ಮೊದಲೇ ಒಮ್ಮೆ ಹೆರಿಗೆಯಾಗಿದ್ದರೆ ಮತ್ತೆ ಹಾಗಾಗುವ ಅಪಾಯ ಹೆಚ್ಚು. ತಾಯಿಯ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು), ಸಕ್ಕರೆ ಕಾಯಿಲೆ, ಬಿ.ಪಿ. ಕೂಡ ಚಿಕಿತ್ಸೆ ಸಿಗದಿದ್ದರೆ ಒಂದರ ನಂತರ ಒಂದು ಬಸಿರಿನಲ್ಲಿ ಮಗುವಿಗೆ ಅಪಾಯ ತರುತ್ತವೆ. ತಿಂಗಳು ತುಂಬಿದ ಮೇಲಿನ ಸಾವುಗಳಲ್ಲಿ ನ್ಯುಮೋನಿಯಾ, ಭೇದಿಯ ಪಾಲು ದೊಡ್ಡದು. ಅಲ್ಲಿ ನೋಡಬೇಕಾದದ್ದು ನೀರು, ಒಲೆಯ ಹೊಗೆ, ಲಸಿಕೆ, ಎದೆಹಾಲು. ನಿದ್ದೆಯಲ್ಲೇ ಮಗು ಹೋಗಿದ್ದರೆ ಅಂಗಾತ ಮಲಗಿಸಿದ್ದರೋ ಬೋರಲೋ, ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುತ್ತಿದ್ದರೋ ಎಂಬುದನ್ನೂ ಬರೆಯಿರಿ.

ನಡುವಿನ ಅಂತರ

ಮಗು ಹೋದಾಗ ಎದೆಹಾಲು ಕುಡಿಸುವುದು ನಿಲ್ಲುತ್ತದೆ. ಅಂಡಾಣು ಬಿಡುಗಡೆ ಬೇಗ ಶುರುವಾಗುತ್ತದೆ. ‘ಇನ್ನೊಂದು ಆದರೆ ಮರೆಯುತ್ತಾಳೆ’ ಎಂಬ ಒತ್ತಾಯವೂ ಸೇರುತ್ತದೆ. ರಕ್ತಹೀನತೆ ಇನ್ನೂ ಹೋಗದ ದೇಹದಲ್ಲಿ ಮತ್ತೊಂದು ಬಸಿರು ನಿಂತು, ಮಗು ದಿನ ತುಂಬದೆ, ತೂಕವಿಲ್ಲದೆ ಹುಟ್ಟುತ್ತದೆ. ಒಂದು ಸಾವು ಇನ್ನೊಂದನ್ನು ಕರೆಯುವ ದಾರಿ ಇದು. ಜೀವಂತ ಹೆರಿಗೆಯ ನಂತರ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗುವನ್ನು ಕಳೆದುಕೊಂಡವರು ಎಷ್ಟು ಕಾಯಬೇಕೆಂಬುದನ್ನು ತಾಯಿಯ ವಯಸ್ಸು, ಆರೋಗ್ಯ ನೋಡಿ ವೈದ್ಯರೊಡನೆ ಕೂತು ತೀರ್ಮಾನಿಸಿ. ಅತ್ತು ಮುಗಿಸಲು ಆಕೆಗೂ ಸಮಯ ಬೇಕು.

ಹಾಳೆ ಹಿಡಿದು ಹೋಗಿ

ಬಸಿರು ನಿಲ್ಲುವ ಮೊದಲೇ ಹೋಗಿ. ಹಿಂದಿನ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ್ದರೆ, ಸಾಮಾನ್ಯವಾಗಿ ಕೊಡುವ 400 ಮೈಕ್ರೊಗ್ರಾಂಗಿಂತ ಎಷ್ಟೋ ಹೆಚ್ಚಿನ ಫೋಲಿಕ್ ಆಮ್ಲವನ್ನು, ದಿನಕ್ಕೆ 4 ಮಿಲಿಗ್ರಾಂನಷ್ಟು, ವೈದ್ಯರು ಬರೆದುಕೊಡುತ್ತಾರೆ. ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭ ಕಟ್ಟಿದ ಮೊದಲ ನಾಲ್ಕು ವಾರಗಳಲ್ಲೇ. ಮುಟ್ಟು ನಿಂತಿದೆಯೆಂದು ತಿಳಿದು ಓಡುವ ಹೊತ್ತಿಗೆ ತಡವಾಗಿರುತ್ತದೆ.

ಹೆರಿಗೆ ಎಲ್ಲಿ ಎಂಬುದನ್ನೂ ಹಾಳೆಯೇ ಹೇಳಲಿ. ಹಿಂದಿನ ಮಗು ಮೊದಲ ವಾರದಲ್ಲೇ ಹೋಗಿದ್ದರೆ ನವಜಾತ ಶಿಶು ಘಟಕವಿರುವ ಆಸ್ಪತ್ರೆಯನ್ನೇ ಆರಿಸಿ. ಸೇರುವಾಗ ಹಾಳೆಯ ಒಂದು ಪ್ರತಿಯನ್ನು ಮಕ್ಕಳ ವೈದ್ಯರ ಕೈಗೆ ಕೊಡಿ. ಮನೆಗೆ ಬಂದ ಮೇಲೆ ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಎದೆಗೂಡು ಒಳಗೆ ಎಳೆದುಕೊಂಡರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲೆಂದು ಕಾಯಬೇಡಿ. ಮಗುವನ್ನು ಎದೆಗವಚಿಕೊಂಡು ಆ ಹೊತ್ತಿಗೇ ಹೊರಡಿ, ಹಾಳೆಯೂ ಜೊತೆಗಿರಲಿ.