ಅಗ್ಗದ 70-300ರಲ್ಲಿ ಹಕ್ಕಿ ಶಾರ್ಪ್ ಬರಬೇಕಂದ್ರೆ

ಅಗ್ಗದ 70-300 ಎಂಎಂ ಝೂಮ್ ಲೆನ್ಸ್ ಕೊಂಡವರು ಕೇಳುವುದು ಒಂದೇ: "ಫೋಟೋ ಎಲ್ಲಾ ಮಬ್ಬು. ಇದನ್ನು ಮಾರಿ ದೊಡ್ಡದು ತಗೊಳ್ಳಲಾ?" ಸ್ವಲ್ಪ ತಡೀರಿ. ಆ ಫೋಟೋವನ್ನು ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿ. ಹಕ್ಕಿ, ಕೊಂಬೆ ಎರಡೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಡುಗಿದ್ದು ನಿಮ್ಮ ಕೈ. ಕೊಂಬೆ ಚೊಕ್ಕ ಇದ್ದು ತಲೆ ಮಾತ್ರ ಕಲಸಿದ್ದರೆ ಅಲುಗಿದ್ದು ಹಕ್ಕಿ. ಹಕ್ಕಿ ಮಬ್ಬು, ಹಿಂದಿನ ಎಲೆ ಸ್ಪಷ್ಟ ಅಂದರೆ ಫೋಕಸ್ ತಪ್ಪಿದೆ. ಎಲ್ಲೂ ಏನೂ ಚೊಕ್ಕ ಇಲ್ಲ, ಬಣ್ಣವೂ ಪೇಲವ ಅಂದರೆ ದೂರ ಜಾಸ್ತಿಯಾಗಿದೆ, ಇಲ್ಲವೇ ನಡುವಿನ ಗಾಳಿ ಕಾದಿದೆ. ಲೆನ್ಸನ್ನು ಬೈಯುವ ಸರದಿ ಇದೆಲ್ಲ ಆದ ಮೇಲೆ.

ನಮ್ಮಂಥವರ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಚಿಕ್ಕದು. ಅದರ ಮೇಲೆ 300 ಎಂಎಂ ಲೆನ್ಸ್ ಸುಮಾರು 450 ಎಂಎಂನಷ್ಟು ಹತ್ತಿರ ತೋರಿಸುತ್ತದೆ, ಕೈ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಹಾಗಾಗಿ ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು, ಸೆಕೆಂಡಿನ 1/500ಕ್ಕಿಂತ ನಿಧಾನ ಬೇಡ. ಕೂತ ಹಕ್ಕಿಗೆ ನಾನು 1/800 ಇಡುತ್ತೇನೆ, ಹಾರುವ ಬೆಳ್ಳಕ್ಕಿಗೆ 1/1600. ಲೆನ್ಸಿನಲ್ಲಿ ನಡುಕ ತಡೆಯುವ ಸ್ಟೆಬಿಲೈಸೇಶನ್ ಇದೆಯಲ್ಲ ಅಂತ ಕೇಳಬಹುದು. ಅದು ನಿಮ್ಮ ಕೈಯನ್ನು ಸುಧಾರಿಸುತ್ತದೆ, ಮಿಂಚುಳ್ಳಿಯ ಕತ್ತನ್ನಲ್ಲ.

ಇನ್ನು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಈ ಲೆನ್ಸುಗಳು ತೀರಾ ಮಬ್ಬಾಗಿ ತೋರಿಸುವುದು 300ಕ್ಕೆ ಪೂರ್ತಿ ಎಳೆದು, ಎಫ್5.6 ಅಥವಾ 6.3ರಲ್ಲಿ ಪೂರ್ತಿ ತೆರೆದಾಗ. ನಾವೆಲ್ಲ ಸದಾ ತೆಗೆಯುವುದೂ ಅಲ್ಲೇ, ಅಲ್ವಾ? ಎಫ್8ಕ್ಕೆ ಇಳಿಸಿ, ಝೂಮನ್ನು 250-270ರ ಹತ್ತಿರ ನಿಲ್ಲಿಸಿ ನೋಡಿ, ಗರಿಯ ಎಳೆ ಎಳೆ ಕಾಣುತ್ತದೆ. ನಿಮ್ಮ ಲೆನ್ಸಿಗೆ ಯಾವುದು ಹಿತ ಅಂತ ತಿಳಿಯಲು ಅಂಗಳದ ಗೋಡೆಗೆ ಹಳೇ ಪೇಪರ್ ಅಂಟಿಸಿ. ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಇಟ್ಟು, ಟೈಮರ್ ಹಾಕಿ, 200, 250, 300ರಲ್ಲಿ ಒಂದೊಂದು ಅಪರ್ಚರಿಗೂ ಒಂದು ಫೋಟೋ ತೆಗೆಯಿರಿ. ಪೇಪರಿಗೆ ನೇರ ಎದುರು ನಿಂತು ತೆಗೆದರೂ ಒಂದು ಬದಿಯ ಅಕ್ಷರ ಮಾತ್ರ ಎಫ್8ರಲ್ಲೂ ಕಲಸಿದ್ದರೆ ಒಳಗಿನ ಗಾಜು ಓರೆಯಾಗಿದೆ. ಆಗ ಮಾತ್ರ ಅಂಗಡಿಗೆ ವಾಪಸ್ ಒಯ್ಯಿರಿ.

ಎಫ್8, 1/800 ಅಂತ ಹೇಳುವುದು ಸುಲಭ, ಶಿರಸಿಯ ಮಳೆಗಾಲದಲ್ಲಿ ಬೆಳಕು ಎಲ್ಲಿ? ಸೊಪ್ಪಿನ ಬೆಟ್ಟದೊಳಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿದಷ್ಟೂ ಚಿತ್ರ ಕಾಳು ಕಾಳು) 6400 ದಾಟುತ್ತದೆ. ದಾಟಲಿ ಬಿಡಿ. ಕಾಳು ಕಾಳು ಬಂದದ್ದನ್ನು ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ರಾ ಫೈಲಿನಲ್ಲಿ ಆಮೇಲೆ ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು. ಮ್ಯಾನುಯಲ್ ಮೋಡ್, ಆಟೋ ಐಎಸ್ಒ ಇಟ್ಟುಕೊಂಡರೆ (ಸ್ಪೀಡ್, ಅಪರ್ಚರ್ ನಿಮ್ಮದು, ಐಎಸ್ಒ ಕ್ಯಾಮೆರಾದ್ದು) ತಲೆಬಿಸಿ ಕಡಿಮೆ. ತೀರಾ ಕತ್ತಲಾದರೆ ಮಾತ್ರ ಅಪರ್ಚರ್ ಪೂರ್ತಿ ತೆರೆದು, ಕ್ಯಾಮೆರಾಕ್ಕೆ ಆಧಾರ ಕೊಟ್ಟು 1/250ಕ್ಕೆ ಇಳಿಯುತ್ತೇನೆ. ಆಗ ನಾಲ್ಕೈದು ಫೋಟೋ ಒಟ್ಟಿಗೆ ಹೊಡೆಯಬೇಕು. ಬಟನ್ ಒತ್ತಿದ ಜರ್ಕ್ ಮೊದಲನೆಯದರಲ್ಲಿ ಹೋಗುತ್ತದೆ, ಮೂರನೆಯದೋ ನಾಲ್ಕನೆಯದೋ ಉಳಿಯುತ್ತದೆ.

ಆಧಾರ ಅಂದೆ, ಅಗ್ಗದ ಟ್ರೈಪಾಡ್ ಅಲ್ಲ. ಈ ಲೆನ್ಸುಗಳಿಗೆ ಟ್ರೈಪಾಡ್ ಕಾಲರ್ (ಲೆನ್ಸನ್ನೇ ಟ್ರೈಪಾಡಿಗೆ ಬಿಗಿಯುವ ಬಳೆ) ಇರುವುದಿಲ್ಲ, ಮೂತಿಯ ಭಾರಕ್ಕೆ ಮುಂದೆ ವಾಲುತ್ತವೆ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಎರಡು ಬದಿ ಹೊಲಿದು, ಒಳಗೆ ಭತ್ತ ತುಂಬಿ. ಕಾರಿನ ಕಿಟಕಿಯ ಮೇಲೆ, ಬೇಲಿಯ ಮೇಲೆ, ನೆಲದ ಮೇಲೆ, ಎಲ್ಲ ಕಡೆ ಆಗುತ್ತದೆ. ಕಾರಿನಲ್ಲಾದರೆ ಇಂಜಿನ್ ಆಫ್ ಮಾಡಿ. ತೋಟದಲ್ಲಾದರೆ ಎಡಗೈಯನ್ನು ಅಡಿಕೆ ಮರಕ್ಕೆ ಒತ್ತಿ, ಅದರ ಮೇಲೆ ಲೆನ್ಸ್ ಇಟ್ಟರೂ ಸಾಕು.

ಎಲ್ಲಕ್ಕಿಂತ ದೊಡ್ಡ ಸಂಗತಿ ಹತ್ತಿರ ಹೋಗುವುದು. 20 ಮೀಟರ್ ದೂರದ ಹಕ್ಕಿ 10 ಮೀಟರಿಗೆ ಬಂದರೆ ಅದರ ಮೈಗೆ ನಾಲ್ಕು ಪಟ್ಟು ಪಿಕ್ಸೆಲ್ ಸಿಗುತ್ತವೆ. ಒಂದು ರೂಪಾಯಿಯೂ ಖರ್ಚಿಲ್ಲದ ಲಾಭ ಇದು. ಆದರೆ ನೀವು ಹಕ್ಕಿಯ ಕಡೆ ನಡೆದರೆ ಅದು ಹಾರುತ್ತದೆ, ಹಕ್ಕಿಯೇ ನಿಮ್ಮ ಕಡೆ ಬರಬೇಕು. ಹಳ್ಳದ ಮಿಂಚುಳ್ಳಿಗೆ ಮೆಚ್ಚಿನ ಒಂದೆರಡು ಕೊಂಬೆ ಇದ್ದೇ ಇರುತ್ತವೆ. ಅದು ಬರುವ ಮೊದಲೇ ಹೋಗಿ, ಅಡಿಕೆ ಹಾಳೆ ಹಾಸಿ ಕೂತು, ಮಳೆಗೆ ತಲೆಯಿಂದ ಹೊದೆಯುವ ಕಂಬಳಿಕೊಪ್ಪೆ ಹೊದ್ದುಕೊಳ್ಳಿ. ಮನುಷ್ಯನ ಆಕಾರ ಮುಚ್ಚಲು ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗದು. "ಎಂತ ಮಾರಾಯಾ, ಮಳೆ ಇಲ್ಲ, ಕೊಪ್ಪೆ ಎಂತಕ್ಕೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸುಮ್ನೆ ನಕ್ಕುಬಿಡಿ. ಖಾಲಿ ಕೊಂಬೆಗೆ ಮೊದಲೇ ಫೋಕಸ್ ಮಾಡಿಡಿ. ಅಗ್ಗದ ಲೆನ್ಸಿನ ಮೋಟಾರ್ ನಿಧಾನ, ಹಕ್ಕಿ ಬಂದ ಮೇಲೆ ಹುಡುಕಲು ಬಿಟ್ಟರೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿರುತ್ತದೆ. ದಾಂಡೇಲಿಯ ಮಂಗಟ್ಟೆಗಾದರೆ ನಡುವಿನ ಒಂದೇ ಫೋಕಸ್ ಪಾಯಿಂಟ್ ಇಟ್ಟು ಕಣ್ಣಿಗೇ ಹಿಡಿಯಿರಿ, ಇಲ್ಲದಿದ್ದರೆ ಫೋಕಸ್ ಮುಂದಿನ ಎಲೆಗೆ ಹೋಗಿ ಕೂರುತ್ತದೆ.

ಸೋಂದಾ ಹತ್ತಿರದ ಮುಂಡಿಗೆ ಕೆರೆಯಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ತೊಂದರೆ ಬೇರೆಯೇ. ಕಡುಹಸಿರು ಮುಂಡಿಗೆ (ಕೇದಗೆ ಜಾತಿಯ ಗಿಡ) ಮೆಳೆ ಕಂಡ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿ ಬಿಳಿ ಹಕ್ಕಿಯನ್ನು ಸುಡುತ್ತದೆ. ಸುಟ್ಟ ಬಿಳಿಯಲ್ಲಿ ಗರಿಯ ಗೆರೆ ಉಳಿಯುವುದಿಲ್ಲ, ಫೋಕಸ್ ಸರಿ ಇದ್ದರೂ ಮಬ್ಬು ಅನ್ನಿಸುತ್ತದೆ. ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ). ಹತ್ತಿರ ಹೋಗಿ ಅಂತ ಮೇಲೆ ಹೇಳಿದ್ದು ಇಲ್ಲಿಗೆ ಅಲ್ಲ, ಗೂಡಿನ ಕಾಲದಲ್ಲಿ ದಂಡೆ ಬಿಟ್ಟು ಇಳಿಯಲೇಬೇಡಿ.

ಕಾರವಾರದ ಕಥೆ ಗಾಳಿಯದು. ಚಳಿಗಾಲದಲ್ಲಿ ಕಡಲತೀರದ ಕಡಲಕ್ಕಿಗಳನ್ನು ಹಿಡಿಯಲು ಬೆಳಗ್ಗೆಯೇ ಹೋಗಿ. ಸೂರ್ಯ ಘಟ್ಟದ ಕಡೆಯಿಂದ ಏರುವುದರಿಂದ ಬೆಳಕು ನಿಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ. ಮರಳು ಕಾಯಲು ಶುರುವಾದರೆ ಗಾಳಿ ಕುದಿಯತೊಡಗುತ್ತದೆ. ಆಮೇಲೆ ಎಷ್ಟು ಸ್ಪೀಡ್ ಇಟ್ಟರೂ, ಯಾವ ಲೆನ್ಸ್ ಹಾಕಿದರೂ ದೂರದ ಹಕ್ಕಿ ಶಾರ್ಪ್ ಬರದು. ಅಂಥ ಹೊತ್ತಿನಲ್ಲಿ ಬೈತಖೋಲ ಬಂದರಿನ ಕಡೆ ಹೋಗಿ. ಮೀನಿನ ಆಸೆಗೆ ಗರುಡಗಳು ತಲೆಯ ಮೇಲೇ ಸುತ್ತುತ್ತಿರುತ್ತವೆ. 200 ಎಂಎಂ ಸಾಕಾಗುತ್ತದೆ, ಈ ಲೆನ್ಸುಗಳು ಚೆನ್ನಾಗಿ ಕೆಲಸ ಮಾಡುವುದೂ ಆ 200ರಲ್ಲೇ. ಫೋಕಸನ್ನು, ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ಕಂಟಿನ್ಯುಯಸ್‌ಗೆ ಹಾಕಿ, 1/2000 ಇಟ್ಟು, ತಿರುಗುವಾಗ ರೆಕ್ಕೆಗೆ ಬೆಳಕು ಬೀಳುವ ಕ್ಷಣ ನೋಡಿ ಒತ್ತಿ.

ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿಗೆ ಹಬೆ ಹಿಡಿಯುತ್ತದೆ, ಕರಾವಳಿಯಲ್ಲಂತೂ ಖಂಡಿತ. ಊರು ಹತ್ತಿರ ಬರುವಾಗಲೇ ಎಸಿ ಆಫ್ ಮಾಡಿ ಕಿಟಕಿ ತೆರೆಯಿರಿ. ಲೆನ್ಸಿನ ಮುಂದೆ ಅಗ್ಗದ ಯುವಿ ಫಿಲ್ಟರ್ (ರಕ್ಷಣೆಗೆ ಹಾಕುವ ಗಾಜು) ಇದ್ದರೆ ಬಿಚ್ಚಿಡಿ, ಅರ್ಧ ಮಬ್ಬಿಗೆ ಅದೇ ಕಾರಣ ಇರಬಹುದು. ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಬಿಟ್ಟರೆ ಗಾಜಿಗೆ ಫಂಗಸ್ ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಬಳಸಿ. ಆ ಬಾಣಲೆಯನ್ನು ಮಾತ್ರ ಅಡುಗೆಗೆ ವಾಪಸ್ ಕೊಡಬೇಡಿ.