ಮರ್ಜ್ ನುಂಗಿದ 11 ಸಾಲು

"ಸರಿ ಮಾಡಿದ್ದೀನಿ ಅಂದಿದ್ರಲ್ಲಾ, ಮತ್ತೆ ಬಂದಿದೆ ನೋಡಿ" ಎಂದು ಟೆಸ್ಟಿಂಗಿನವರು ನಮ್ಮ ಸಾಫ್ಟ್‌ವೇರ್ ಕೊಟ್ಟ ಒಂದು ಬಿಲ್ ತೋರಿಸಿದರು. ಒಟ್ಟು ಮೊತ್ತದಲ್ಲಿ ಒಂದು ಪೈಸೆ ಜಾಸ್ತಿ. ಒಂದೊಂದು ಐಟಮ್ಮಿನ ತೆರಿಗೆಯನ್ನೂ ಬೇರೆ ಬೇರೆ ರೌಂಡ್ ಮಾಡಿ ಕೂಡಿದರೆ ಹೀಗಾಗುತ್ತದೆ. ಎರಡು ವಾರದ ಹಿಂದೆ ನಾನೇ 11 ಸಾಲು ಕೋಡ್ ಬರೆದು ಅದನ್ನು ಸರಿಪಡಿಸಿದ್ದೆ.

ಫೈಲ್ ತೆರೆದೆ. ಆ ಸಾಲುಗಳಿಲ್ಲ. ಕೋಡಿನ ಬದಲಾವಣೆಗಳನ್ನೆಲ್ಲ ನೆನಪಿಡುವ ಗಿಟ್‌ನಲ್ಲಿ, ಆ ಫೈಲಿನ ಚರಿತ್ರೆ ತೋರಿಸುವ ಲಾಗ್ ಓಡಿಸಿದೆ. ನನ್ನ ಕಮಿಟ್ಟೂ (ದಾಖಲಿಸಿಟ್ಟ ಬದಲಾವಣೆ) ಇಲ್ಲ! ಪುಶ್ ಮಾಡೋದೇ, ಅಂದರೆ ಎಲ್ಲರಿಗೂ ಸಿಗುವ ಕಡೆ ಕಳಿಸೋದೇ ಮರೆತೆನಾ ಅಂತ ನನ್ನ ಮೇಲೇ ಅನುಮಾನ ಬಂತು. ಪುಣ್ಯಕ್ಕೆ ಈ ದೋಷದ ಹಳೇ ಟಿಕೆಟ್ಟಿನಲ್ಲಿ ಕಮಿಟ್ ನಂಬರ್ ಇತ್ತು. ಇದು ಯಾವ ಬ್ರಾಂಚಿನಲ್ಲಿದೆ (ಕೋಡಿನ ಯಾವ ಕವಲಿನಲ್ಲಿ) ಎಂದು ಗಿಟ್ಟನ್ನು ಕೇಳಿದರೆ, ಮುಖ್ಯ ಬ್ರಾಂಚಾದ ಮೇನ್‌ನಲ್ಲೇ ಇದೆ ಅನ್ನುತ್ತದೆ. ಇದೆಯಂತೆ, ಆದರೆ ಕಾಣಲ್ಲ.

ಒಂದು ಗಂಟೆ ಇದರಲ್ಲೇ ಹೋಯಿತು. ಆಮೇಲೆ ತಿಳಿಯಿತು, ಒಂದೇ ಫೈಲಿನ ಲಾಗ್ ಕೇಳಿದಾಗ ಗಿಟ್ ಪೂರ್ತಿ ಕಥೆ ಹೇಳುವುದಿಲ್ಲ. ಬ್ರಾಂಚುಗಳನ್ನು ಒಂದಾಗಿ ಸೇರಿಸುವುದೇ ಮರ್ಜ್. ಮರ್ಜ್ ಕಮಿಟ್ಟಿಗೆ ಸಾಮಾನ್ಯವಾಗಿ ಎರಡು ಪೇರೆಂಟ್, ಅಂದರೆ ಹಿಂದಿನ ಕಮಿಟ್ ಇರುತ್ತವೆ. ಮರ್ಜ್ ಆದ ಮೇಲಿನ ಫೈಲ್ ಅವುಗಳಲ್ಲಿ ಒಂದರ ಹಾಗೇ ಇದ್ದರೆ, ಗಿಟ್ ಆ ದಾರಿ ಮಾತ್ರ ಹಿಡಿದು ಹಿಂದೆ ಹೋಗುತ್ತದೆ. ಇನ್ನೊಂದು ಕಡೆಯಿಂದ ಏನೂ ಬಂದಿಲ್ಲವಲ್ಲ, ನೋಡೋದೇಕೆ ಅನ್ನೋದು ಅದರ ಲೆಕ್ಕ. ಫುಲ್ ಹಿಸ್ಟರಿ ಆಯ್ಕೆ ಸೇರಿಸಿ ಮತ್ತೆ ಓಡಿಸಿದೆ. ನನ್ನ ಕಮಿಟ್ ಹಾಜರ್.

ಅದನ್ನು ನುಂಗಿದ ಮರ್ಜ್ ಯಾವುದು? ಒಂದು ಕಮಿಟ್ಟಿನಲ್ಲಿ ಏನು ಬದಲಾಯಿತೆಂದು ಹೇಳುವ ಗಿಟ್ ಶೋ ಬರೀ ಓಡಿಸಿದರೆ ಇಂಥ ಫೈಲನ್ನು ತೋರಿಸುವುದೇ ಇಲ್ಲ. ಕಾರಣ ಅದೇ, ಒಂದು ಪೇರೆಂಟಿನ ಹಾಗೇ ಇದೆಯಲ್ಲ. ಅದಕ್ಕೆ ರೀಮರ್ಜ್ ಡಿಫ್ ಆಯ್ಕೆ ಬೇಕು. 2022ರಲ್ಲಿ ಬಂದ ಗಿಟ್ 2.36ರಿಂದ ಇದು ಸಿಗುತ್ತದೆ. ಗಿಟ್ ಅದೇ ಮರ್ಜನ್ನು ತಾನು ಇನ್ನೊಮ್ಮೆ ಮಾಡಿ ನೋಡಿ, ನಾವು ಮಾಡಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಹೇಳುತ್ತದೆ. ಹೀಗೆ ನೋಡಿದ ಮೂರನೇ ಮರ್ಜಿನಲ್ಲಿ ನನ್ನ 11 ಸಾಲೂ ಕೆಂಪಾಗಿ, ಅಂದರೆ ಅಳಿಸಿದ ಸಾಲುಗಳಾಗಿ ಕಂಡವು.

"ಕಾನ್‌ಫ್ಲಿಕ್ಟ್ ಸಿಕ್ಕಾಪಟ್ಟೆ ಇತ್ತು ಗುರು, ಆ ಫೈಲಿಗೆ ಅವರ್ಸ್ ಕೊಟ್ಟುಬಿಟ್ಟೆ" ಅಂದ ಪಕ್ಕದ ಸೀಟಿನವನು. ಕಾನ್‌ಫ್ಲಿಕ್ಟ್ ಅಂದರೆ ಎರಡೂ ಕಡೆ ಒಂದೇ ಜಾಗ ಬದಲಾಗಿ ಬರುವ ಜಗಳ, ಅವರ್ಸ್ ಅಂದರೆ ತನ್ನ ಕಡೆಯದನ್ನೇ ಇಟ್ಟುಕೊಳ್ಳುವುದು. ಮೇನನ್ನು ತನ್ನ ಬ್ರಾಂಚಿಗೆ ಎಳೆದುಕೊಳ್ಳುವಾಗ ಆದ ಕೆಲಸ, ಆಮೇಲೆ ಆ ಬ್ರಾಂಚ್ ಮೇನ್ ಸೇರಿತ್ತು. ನಾನೂ ಹಾಗೆ ಮಾಡಿದವನೇ, ಬೈಯಲು ಬಾಯಿ ಬರಲಿಲ್ಲ.

ನನ್ನ ಬ್ರಾಂಚನ್ನು ಮತ್ತೆ ಮರ್ಜ್ ಮಾಡಿದರೆ ಆಯ್ತು ಅಂದುಕೊಂಡೆ. 'ಆಲ್ರೆಡಿ ಅಪ್ ಟು ಡೇಟ್' ಅಂತು. ಕಮಿಟ್ ಆಗಲೇ ಮೇನ್‌ನಲ್ಲಿದೆಯಲ್ಲ, ಗಿಟ್ ಹೇಳಿದ್ದು ಸರಿಯೇ. ಅವನ ಮರ್ಜನ್ನೇ ರಿವರ್ಟ್ (ರದ್ದು) ಮಾಡಿದರೆ ಅವನ ಕೆಲಸವೆಲ್ಲ ಹೋಗುತ್ತದೆ. ಆಮೇಲೆ ಅದನ್ನು ತರಲು ಆ ರಿವರ್ಟನ್ನೇ ರಿವರ್ಟ್ ಮಾಡಬೇಕು. ಅದು ಬೇಡವೆಂದು ನನ್ನ ಕಮಿಟ್ಟೊಂದನ್ನೇ ಚೆರ್ರಿ ಪಿಕ್ ಮಾಡಿದೆ, ಅಂದರೆ ಅದನ್ನಷ್ಟೇ ಆರಿಸಿ ಮತ್ತೆ ಹಾಕಲು ಹೋದೆ. ಅವನು ಫಂಕ್ಷನ್ ಹೆಸರು ಬದಲಿಸಿದ್ದರಿಂದ ಅಲ್ಲೂ ಕಾನ್‌ಫ್ಲಿಕ್ಟ್.

ಅದನ್ನು ಬಿಡಿಸುತ್ತಲೇ ಒಂದು ಟೆಸ್ಟ್ ಫೈಲ್ ಬರೆದು ಆಡ್ ಮಾಡಿದ್ದೆ, ಅಂದರೆ ಮುಂದಿನ ಕಮಿಟ್ಟಿಗೆ ಸೇರಿಸಿಟ್ಟಿದ್ದೆ. ಆಮೇಲೆ ಎಲ್ಲಾ ಕಲಸುಮೇಲೋಗರ ಆಯಿತೆಂದು ಎಲ್ಲವನ್ನೂ ಕೊನೆಯ ಕಮಿಟ್ಟಿನ ಸ್ಥಿತಿಗೆ ತರುವ ರೀಸೆಟ್ ಹಾರ್ಡ್ ಹೊಡೆದೆ. ಟೆಸ್ಟ್ ಫೈಲೂ ಹೋಯಿತು. ಕಳೆದುಹೋದ ಕಮಿಟ್ ಹುಡುಕಿಕೊಡುವ ರಿಫ್ಲಾಗ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಕಮಿಟ್ಟೇ ಆಗಿರಲಿಲ್ಲವಲ್ಲ. ಆದರೆ ಆಡ್ ಮಾಡಿದ ಗಳಿಗೆಯಲ್ಲೇ ಗಿಟ್ ಫೈಲಿನ ಒಳಗಿದ್ದದ್ದನ್ನು ತನ್ನ ಉಗ್ರಾಣಕ್ಕೆ ಹಾಕಿಕೊಂಡಿರುತ್ತದೆ. ಸುಮ್ನೆ ಬಿಟ್ಟರೂ ಸಾಮಾನ್ಯವಾಗಿ ಎರಡು ವಾರ ಅಲ್ಲೇ ಇರುತ್ತದೆ. ಆ ಉಗ್ರಾಣವನ್ನು ತಪಾಸಣೆ ಮಾಡುವ ಎಫ್‌ಎಸ್‌ಸಿಕೆ ಕಮಾಂಡನ್ನು ಲಾಸ್ಟ್ ಫೌಂಡ್ ಆಯ್ಕೆಯ ಜೊತೆ ಓಡಿಸಿದಾಗ ಹತ್ತಾರು ಅನಾಮಧೇಯ ತುಣುಕುಗಳು ಒಂದು ಫೋಲ್ಡರಿಗೆ ಬಂದು ಬಿದ್ದವು. ಫೈಲಿನ ಹೆಸರು ಇರಲ್ಲ, ಬರೀ ನಂಬರು. ಟೆಸ್ಟಿನ ಹೆಸರು ಹಾಕಿ ಗ್ರೆಪ್ ಮಾಡಿ ಹುಡುಕಿದೆ, ಸಿಕ್ಕಿತು.

ಎರಡನೇ ಸಲ ಚೆರ್ರಿ ಪಿಕ್ ಮಾಡುವಾಗ ಅವನನ್ನೂ ಪಕ್ಕದಲ್ಲೇ ಕೂರಿಸಿಕೊಂಡೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಇಬ್ಬರ ಲ್ಯಾಪ್‌ಟಾಪಿನಲ್ಲೂ ಕಾನ್‌ಫ್ಲಿಕ್ಟ್ ತೋರಿಸುವ ಸ್ಟೈಲನ್ನು ಡಿಫ್3ಗೆ ಬದಲಿಸಿದೆವು. ಈಗ ಅವನದು, ನನ್ನದು ಮಾತ್ರವಲ್ಲ, ಇಬ್ಬರೂ ಮುಟ್ಟುವ ಮೊದಲು ಏನಿತ್ತು ಅನ್ನೋದೂ ನಡುವೆ ಕಾಣುತ್ತದೆ.